ಮೂರು ಪಾಲು, ಒಂದೇ ತಿಜೋರಿ

ಕೋವಿಡ್ ಕಳೆದ ಎರಡನೆಯ ವರ್ಷ ನಾನು ಬೆಟಗೇರಿಯಲ್ಲಿ ನೆಟ್‌ವರ್ಕ್ ಇಂಜಿನಿಯರ್ ಆಗಿದ್ದೆ. ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿ ಹನ್ನೊಂದು ವರ್ಷ ಬೇರೆಯವರ ಸರ್ವರ್‌ಗಳನ್ನು ನೋಡಿಕೊಂಡಿದ್ದ ನನಗೆ ಆಗ ಸಿಕ್ಕಿದ್ದು ಬೇರೆಯೇ ಬಗೆಯ ಕೆಲಸ. ಒಂದು ಕ್ರಿಪ್ಟೊಕರೆನ್ಸಿ ಜಾಲದಲ್ಲಿ ನಮ್ಮ ನಾಲ್ಕು ಊರುಗಳ ಪರವಾಗಿ ಸಹಿ ಹಾಕುವ ಯಂತ್ರಗಳನ್ನು ಕಾಯುವುದು. ಕ್ರಿಪ್ಟೊ ಎಂದಕೂಡಲೇ ನೆಂಟರು "ಎಷ್ಟ್ ದಿನಕ್ಕ ಡಬಲ್ ಆಗತೈತಿ?" ಎಂದು ಕೇಳುತ್ತಿದ್ದರು. ಡಬಲ್ ಆಗುವ ಕೆಲಸ ಅದಾಗಿರಲಿಲ್ಲ.

ಆ ಜಾಲಕ್ಕೆ ಮಾಲೀಕರಿಲ್ಲ. ಮೂವತ್ತು ವ್ಯಾಲಿಡೇಟರ್‌ಗಳಿದ್ದವು. ವ್ಯಾಲಿಡೇಟರ್ ಎಂದರೆ ಜಾಲದ ನಾಣ್ಯಗಳನ್ನು ಪಣಕ್ಕಿಟ್ಟು, ಬಂದ ದಾಖಲೆಗಳನ್ನು ಪರೀಕ್ಷಿಸಿ ಸಹಿ ಹಾಕುವವರು. ಮೋಸದ ಸಹಿ ಹಾಕಿದರೆ ಪಣ ಮುಟ್ಟುಗೋಲು. ಇದಕ್ಕೇ ಪ್ರೂಫ್ ಆಫ್ ಸ್ಟೇಕ್ ಎನ್ನುತ್ತಾರೆ. ಹೊಸ ದಾಖಲೆಗಳನ್ನು ಒಂದು ಬ್ಲಾಕ್‌ನಲ್ಲಿ ಕಟ್ಟಿ ಮುಂದಿಡುವ ಸರದಿ ಎಲ್ಲರಿಗೂ ಬರುತ್ತದೆ. ಮೂವತ್ತರಲ್ಲಿ ಇಪ್ಪತ್ತು ಸಹಿ ಬಿದ್ದರೆ ಆ ಬ್ಲಾಕ್ ಕಾಯಂ. ಆಮೇಲೆ ಅದನ್ನು ಅಳಿಸಲು ಯಾರಿಂದಲೂ ಆಗದು.

ನಮ್ಮ ನಾಲ್ಕು ಊರುಗಳದ್ದು ಸೇರಿ ಒಂದೇ ವ್ಯಾಲಿಡೇಟರ್. ಅದರ ಸಹಿಯ ಕೀಲಿಯನ್ನು ನಾಲ್ಕು ಪಾಲು ಮಾಡಿದ್ದೆವು. ಬೆಟಗೇರಿಯ ಪಾಲು ನನ್ನ ಯಂತ್ರದಲ್ಲಿತ್ತು. ಲಕ್ಷ್ಮೇಶ್ವರದ್ದು ದಲಾಲಿ ಅಂಗಡಿಯ ಅಂದಾನಪ್ಪನವರ ಬಳಿ, ಶಿರಹಟ್ಟಿಯದ್ದು ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಫಕೀರಪ್ಪನವರ ಬಳಿ, ಮುಂಡರಗಿ ತಾಲ್ಲೂಕಿನ ಹಮ್ಮಿಗಿಯದ್ದು ರಾಮಣ್ಣ ಎಂಬ ರೈತನ ಪಂಪ್‌ಸೆಟ್ ಕೋಣೆಯಲ್ಲಿ. ನಾಲ್ಕರಲ್ಲಿ ಮೂರು ಪಾಲು ಕೂಡಿದರೆ ಮಾತ್ರ ಸಹಿ. ಒಂದು ಊರಿನಲ್ಲಿ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ಒಬ್ಬರು ಅಥವಾ ಇಬ್ಬರು ಕೆಟ್ಟರೂ ಸುಳ್ಳು ಸಹಿ ಬೀಳುವುದಿಲ್ಲ. ಈ ವ್ಯವಸ್ಥೆಯನ್ನು ಜೋಡಿಸಿದವಳು ನಾನು. ಆ ಹೆಮ್ಮೆಯೂ ನನಗಿತ್ತು.

ಕೈಮಗ್ಗದವರು ಈ ಜಾಲದಲ್ಲಿ ತಮ್ಮ ಹೊಸ ವಿನ್ಯಾಸಗಳನ್ನು ದಾಖಲಿಸುತ್ತಿದ್ದರು. ಮೊದಲು ದಾಖಲಾದವರಿಗೇ ಹಕ್ಕು ಎಂದು ಸೀರೆ ಕೊಳ್ಳುವ ದೊಡ್ಡ ಅಂಗಡಿಗಳೂ ಒಪ್ಪಿದ್ದವು. ಬೆಟಗೇರಿಯ ಗಂಗವ್ವ ನಾಲ್ಕು ತಿಂಗಳು ಕೂತು ಜೋಳದ ತೆನೆಗಳ ಸಾಲಿರುವ ಹೊಸ ಸೆರಗೊಂದನ್ನು ನೇಯ್ದಿದ್ದಳು. ಆಕೆ ಕೊಟ್ಟ ಮಾದರಿಯನ್ನು ಒಬ್ಬ ಪವರ್‌ಲೂಮ್ ವ್ಯಾಪಾರಿ ಇಟ್ಟುಕೊಂಡು, ಅದನ್ನೇ ತನ್ನದೆಂದು ದಾಖಲಿಸಲು ಹೊರಟಿದ್ದ. ನೇಯ್ದ ಬಟ್ಟೆಯ ಫೋಟೊ ಇಲ್ಲದೆ ಅರ್ಜಿ ನಡೆಯದು. ಅವನ ಬಟ್ಟೆ ಇನ್ನೂ ಮಗ್ಗದ ಮೇಲಿತ್ತು. ಅದು ನೇಯ್ದು ಮುಗಿಯುವವರೆಗೆ ಗಂಗವ್ವನ ದಾಖಲೆಯನ್ನು ತಡೆಯುವುದಷ್ಟೇ ಅವನಿಗೆ ಬೇಕಾಗಿತ್ತು.

ಮೂವತ್ತರಲ್ಲಿ ಹತ್ತು ವ್ಯಾಲಿಡೇಟರ್‌ಗಳು ಒಂದೇ ಕಂಪನಿಯ ಡೇಟಾ ಸೆಂಟರ್‌ನಲ್ಲಿದ್ದವು. ಆ ಕಂಪನಿ ವ್ಯಾಪಾರಿಗೆ ಬೇಕಾದವರದು. ಗಂಗವ್ವನ ದಾಖಲೆ ಇರುವ ಯಾವ ಬ್ಲಾಕ್‌ಗೂ ಆ ಹತ್ತು ಸಹಿ ಹಾಕಲಿಲ್ಲ. ಉಳಿದ ಇಪ್ಪತ್ತೂ ಹಾಕಿದರೆ ಸಾಕಿತ್ತು. ಆದರೆ ಅದರಲ್ಲಿ ಒಂದು, ದೂರದ ಜಿಲ್ಲೆಯದ್ದು, ಕೆಟ್ಟು ದುರಸ್ತಿಯಲ್ಲಿತ್ತು. ಎರಡು ದಿನ ದಾಖಲೆ ಬಾಗಿಲಲ್ಲೇ ನಿಂತಿತು.

"ಮೇಡಮ್ಮಾರ, ಖರೆ ಹೇಳ್ರಿ, ನನ್ನ ಸೆರಗು ನಂದಾಗಿ ಉಳಿತೈತೋ ಇಲ್ಲೋ?" ಎಂದು ಗಂಗವ್ವ ನನ್ನ ಕೋಣೆಗೇ ಬಂದು ಕೇಳಿದಳು.

"ಇವತ್ತು ಸಂಜಿಗೆ ಆ ಕೆಟ್ಟ ಯಂತ್ರ ರಿಪೇರಿ ಆಗತೈತವ್ವಾ. ಇಪ್ಪತ್ತೂ ಸಹಿ ಬೀಳ್ತಾವ. ಅಲ್ಲೀತನಾ ನಮ್ಮದೊಂದು ಕೈ ಜಾರಬಾರದು, ಅಷ್ಟ" ಎಂದೆ.

ಅವಳು ಹೋಗಿ ಅರ್ಧ ತಾಸಾಗಿತ್ತು. ಬೆಳಗಿನ ಹನ್ನೊಂದರ ಹೊತ್ತಿಗೆ ಫಕೀರಪ್ಪನವರ ಫೋನ್ ಬಂತು.

"ಮೇಡಂ, ಅಂದಾನಪ್ಪ ಈಗರೆ ಫೋನ್ ಮಾಡಿದ್ದ. ಕಂಪನಿಯವರು ಬಂದಾರ, ನಿನ್ನ ಪೆನ್‌ಡ್ರೈವ್ ಕೊಡ್ಲೇನು ಅಂತ ಕೇಳಿದ. ಕೊಡಬ್ಯಾಡ, ಮೇಡಮ್ಮನ್ನ ಕೇಳಿ ಹೇಳ್ತೇನಿ ಅಂದೆ."

"ನಿಮ್ಮ ಪೆನ್‌ಡ್ರೈವ್ ಅವರ ಕಡೆ ಯಾಕೈತಿ?"

"ನನ್ನ ಪಾಲಿನ ಕಾಪಿ ಅವನ ತಿಜೋರಿಯೊಳಗ ಇಟ್ಟೇನ್ರಿ. ಯಂತ್ರ ಕೆಟ್ರ ಒಂದು ಇರ್ಲಿ ಅಂತ. ಲಕ್ಷ್ಮೇಶ್ವರದಾಗ ಅದಕ್ಕಿಂತ ಭದ್ರ ಜಾಗ ಎಲ್ಲೈತ್ರಿ?"

ನನ್ನ ಪಾಲಿನ ಕಾಪಿಯನ್ನೂ ನಾನು ಅಲ್ಲೇ ಇಟ್ಟಿದ್ದೆ.

ಹೊರಗಿನವರಿಗೆ ಇದು ಮೂರ್ಖತನ ಅನಿಸಬಹುದು. ಅಂದಾನಪ್ಪನವರ ತಿಜೋರಿಯಲ್ಲಿ ಸುತ್ತಲಿನ ಹಳ್ಳಿಗಳ ಹೊಲದ ಕಾಗದಪತ್ರ, ಮದುವೆಗೆಂದು ಮಾಡಿಸಿದ ಬಂಗಾರ, ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡ ವಾಟ್ನಿಪತ್ರ ಎಲ್ಲವೂ ಇರುತ್ತಿದ್ದವು. ರಸೀದಿ ಕೇಳುವುದೇ ಮರ್ಯಾದೆಯಲ್ಲ. ನಾನು ನನ್ನ ಕಾಪಿಗೆ ಪಾಸ್‌ವರ್ಡ್ ಕೂಡ ಹಾಕಿರಲಿಲ್ಲ. ಅವರ ತಿಜೋರಿಯೊಳಗಿನ ವಸ್ತುವಿಗೆ ನಾನು ಇನ್ನೊಂದು ಬೀಗ ಜಡಿದರೆ ಅವರನ್ನು ಅನುಮಾನಿಸಿದಂತೆ ಆಗುತ್ತದೆ ಎಂದು ನನಗೆ ಅನಿಸಿತ್ತು. ಫಕೀರಪ್ಪನವರೂ ಹಾಗೇ ಯೋಚಿಸಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ. ನಮ್ಮವು ಎರಡು, ಅಂದಾನಪ್ಪನವರದೇ ಒಂದು. ಮೂರು ಪಾಲು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಕೂಡಿದ್ದವು. ಅವು ಕಂಪನಿಯ ಕೈಗೆ ಸಿಕ್ಕರೆ ನಮ್ಮ ಹೆಸರಿನಲ್ಲಿ ಮೋಸದ ಸಹಿ ಹಾಕಿ, ಪಣ ಮುಟ್ಟುಗೋಲಾಗಿಸಿ ನಮ್ಮನ್ನೇ ಜಾಲದಿಂದ ಹೊರಗಟ್ಟಬಹುದು, ಆಗ ಗಂಗವ್ವನಿಗೆ ಇಪ್ಪತ್ತನೆಯ ಸಹಿಯೇ ಇರುವುದಿಲ್ಲ. ಹೊಸ ಕೀಲಿ ಮಾಡಿ ಜಾಲಕ್ಕೆ ತಿಳಿಸಿದರೆ ಅದು ಜಾರಿಗೆ ಬರಲು ಒಂದು ದಿನ ಬೇಕು. ನಮ್ಮ ಬಳಿ ಒಂದು ದಿನ ಇರಲಿಲ್ಲ.

ಅಂದಾನಪ್ಪನವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮುಂದೆ ಮಂದಿ ಕೂತಾಗ ಅವರು ಪದೇ ಪದೇ ಫೋನ್ ಎತ್ತುವವರಲ್ಲ. ಸ್ಕೂಟರ್ ತೆಗೆದೆ. ಮುಳಗುಂದ ದಾಟಿದ್ದು ನೆನಪಿದೆ, ಉಳಿದ ದಾರಿ ನೆನಪಿಲ್ಲ.

ಅಂಗಡಿಯಲ್ಲಿ ಕಡಲೆಯ ಚೀಲಗಳ ನಡುವೆ ಇಬ್ಬರು ಕೂತಿದ್ದರು. ಒಬ್ಬ ಇಸ್ತ್ರಿ ಅಂಗಿಯ, ನಗುಮುಖದ ಮಾತುಗಾರ. ಇನ್ನೊಬ್ಬ ಲ್ಯಾಪ್‌ಟಾಪ್ ತೆರೆದು ಸುಮ್ಮನೆ ಕೂತಿದ್ದ. ತಿಜೋರಿಯ ಬಾಗಿಲು ತೆರೆದಿತ್ತು. ಗಾದಿಯ ಮೇಲೆ, ಲ್ಯಾಪ್‌ಟಾಪಿನಿಂದ ಒಂದು ಗೇಣು ದೂರದಲ್ಲಿ, ಮೂರು ಪೆನ್‌ಡ್ರೈವ್‌ಗಳು ಸಾಲಾಗಿ ಬಿದ್ದಿದ್ದವು. ಮೂರನ್ನೂ ಕಾಪಿ ಮಾಡಲು ಒಂದು ನಿಮಿಷ ಸಾಕು. ಆ ಒಂದು ಗೇಣು ಜಾಗ ಇಂದಿಗೂ ನನ್ನ ಕಣ್ಣ ಮುಂದಿದೆ. ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ ಅದು ಬರುತ್ತದೆ, ಪ್ರತಿ ಸಲವೂ ಆ ಮನುಷ್ಯನ ಕೈ ಮುಂದೆ ಚಾಚುತ್ತದೆ.

"ಬಾ ತಂಗೀ, ಕುಂಡ್ರು. ಚಹಾ ತರಸ್ತೇನಿ" ಎಂದರು ಅಂದಾನಪ್ಪನವರು. "ಇವರು ನಮ್ಮ ಪಾಲು ಕೇಳಾಕ ಬಂದಾರ. ಬರೇ ನಂದಲ್ಲ, ಇಬ್ಬರದು ಇನ್ನೂ ನನ್ನ ಕಡೆ ಅದಾವ ಅಂತ ಮಾತಿಗೆ ಹೇಳಿಬಿಟ್ಟೆ. ಹಂಗಾರ ತೋರಸ್ರಿ ಅಂದ್ರು. ತೋರಿಸೇನಿ."

ಅವರಿಗೆ ಅಪಾಯದ ಅರಿವಿರಲಿಲ್ಲ. ಮುಚ್ಚಿಡುವ ಅಭ್ಯಾಸವೂ ಇರಲಿಲ್ಲ.

ಇಸ್ತ್ರಿ ಅಂಗಿಯವನು ನನ್ನನ್ನು ನೋಡಿ ಇನ್ನಷ್ಟು ನಕ್ಕ. "ಕಾಕಾರ, ಈ ವಯಸ್ಸಿನಾಗ ನಿಮಗ್ಯಾಕ್ರಿ ಈ ತ್ರಾಸು? ಕರೆಂಟ್ ಕಾಯೋದು, ಇಂಟರ್ನೆಟ್ ಕಾಯೋದು. ನಮ್ಮ ಡೇಟಾ ಸೆಂಟರಿಗೆ ಕೊಟ್ಟುಬಿಡ್ರಿ. ನಿಮ್ಮ ನಾಲ್ಕೂ ಊರ ಹೆಸರು ಹಂಗ ಇರತೈತಿ, ಕೆಲಸ ನಾವು ಮಾಡ್ತೀವಿ."

"ಇದೊಂದು ನಂದು" ಎಂದು ಅಂದಾನಪ್ಪನವರು ಒಂದನ್ನು ಎತ್ತಿ ಜೇಬಿಗಿಟ್ಟರು. "ಕೊಡೋದು ಬಿಡೋದು ನನ್ನ ಖುಷಿ. ಇವೆರಡು ಮಂದಿ ಇಟ್ಟದ್ದು. ಮಂದಿ ಇಟ್ಟದ್ದು ಇಟ್ಟವರ ಕೈಗೇ ಹೋಗಬೇಕು. ನಮ್ಮಪ್ಪನ ಕಾಲದಿಂದ ಈ ತಿಜೋರಿಗೆ ಅದೊಂದ ಕಾನೂನು."

"ಇಟ್ಟವರು ಇಲ್ಲೇ ಬಂದಾರಲ್ರಿ, ಕೇಳ್ರಿ" ಎಂದು ಅವನು ನನ್ನತ್ತ ತಿರುಗಿದ. "ಮೇಡಂ, ನಿಮಗ ನಮ್ಮಲ್ಲೇ ಕೆಲಸ ಐತಿ. ಒಂದು ಮಾತು ಹ್ಞೂಂ ಅನ್ರಿ."

ಎಲ್ಲರೂ ನನ್ನನ್ನೇ ನೋಡಿದರು. ನಾನು ಓದಿದ ಯಾವ ಪುಸ್ತಕದಲ್ಲೂ ಇಂಥ ಗಳಿಗೆ ಇರಲಿಲ್ಲ. "ನಂದು ನನಗ ಕೊಡ್ರಿ ಕಾಕಾ" ಎಂದೆ. ಅವರು ನನ್ನದನ್ನು ನನ್ನ ಅಂಗೈಯಲ್ಲಿಟ್ಟು, ಫಕೀರಪ್ಪನವರದನ್ನು ತಿಜೋರಿಗೆ ಹಾಕಿ ಬೀಗ ಜಡಿದರು.

ಇಸ್ತ್ರಿ ಅಂಗಿಯವನ ನಗು ಹೋಯಿತು. "ಕಡಲಿ ಖರೀದಿಯ ದೊಡ್ಡ ಮಂದಿ ನಮ್ಮ ಮಾತು ಕೇಳ್ತಾರ, ಗೊತ್ತಿರ್ಲಿ. ಈ ಸಲ ನಿಮ್ಮ ಅಂಗಡಿ ಮುಂದ ಲಾರಿ ನಿಲ್ಲದಿದ್ರ ನಮ್ಮನ್ನ ಅನಬ್ಯಾಡ್ರಿ."

"ನಿಲ್ಲದಿದ್ರ ಬಿಡ್ಲಿ. ಆ ಜಾಗದಾಗ ಎಮ್ಮಿ ಕಟ್ತೇನಿ. ಚಹಾ ಆರಾಕತ್ತೈತಿ, ಕುಡದ ಹೋಗ್ರಿ."

ಅವರು ಕುಡಿಯಲಿಲ್ಲ.

ಹಮ್ಮಿಗಿಯ ರಾಮಣ್ಣನಿಗೆ ಫೋನ್ ಮಾಡಿ ವಿಷಯ ಹೇಳಿದೆ. ನೀನಾದರೂ ಎಚ್ಚರದಿಂದ ಕಾಪಿ ನಿನ್ನ ಬಳಿಯೇ ಇಟ್ಟುಕೊಂಡೆಯಲ್ಲ ಎಂದು ಹೊಗಳಿದೆ. "ಎಚ್ಚರದ ಮಾತಲ್ಲರಿ ಅಕ್ಕಾ" ಎಂದು ಅವನು ನಾಚಿಕೊಂಡ. "ನಾನೂ ಅಂದಾನಪ್ಪ ಕಾಕಾನ ಕಡೆನ ಇಡಬೇಕಂತ ಹೊಂಟಿದ್ದೆ. ಬಸ್ ತಪ್ಪಿತು." ಬಸ್ ಸಿಕ್ಕಿದ್ದರೆ ನಾಲ್ಕೂ ಅಲ್ಲೇ ಇರುತ್ತಿದ್ದವು!

ಮಧ್ಯಾಹ್ನ ಫಕೀರಪ್ಪನವರು ಬಂದು ತಮ್ಮ ಪೆನ್‌ಡ್ರೈವ್ ತೆಗೆದುಕೊಂಡರು. ಸಂಜೆ ಐದೂವರೆಗೆ ದೂರದ ಜಿಲ್ಲೆಯ ಯಂತ್ರ ಎದ್ದಿತು. ಅಂಗಡಿಯ ಕಟ್ಟೆಯ ಮೇಲೆ ಕೂತು ನನ್ನ ಫೋನಿನಲ್ಲಿ ಮೂವರೂ ಪಟ್ಟಿ ನೋಡಿದೆವು. ಗಂಗವ್ವನ ದಾಖಲೆ ಇದ್ದ ಬ್ಲಾಕ್‌ಗೆ ಹದಿನೆಂಟು ಸಹಿ, ಹತ್ತೊಂಬತ್ತು, ಇಪ್ಪತ್ತು. ಕಾಯಂ ಎಂಬ ಹಸಿರು ಗುರುತು ಬಿತ್ತು. ಇಷ್ಟೆಲ್ಲ ತಳಮಳದ ಕೊನೆ ಕೆಲವೇ ಸೆಕೆಂಡು.

ಗಂಗವ್ವನಿಗೆ ಫೋನಿನಲ್ಲಿ ಹೇಳಿದೆ. "ಆತೇನ್ರಿ?" ಎಂದಳು. ಆಮೇಲೆ, "ಹಂಗಾರ ಫೋನ್ ಇಡ್ತೇನ್ರಿ. ಎರಡು ದಿನ ಆತು, ಮಗ್ಗಕ್ಕ ಕುಂತಿಲ್ಲ."

ಹೊರಡುವಾಗ ನಾನು ಅಂದಾನಪ್ಪನವರ ಕಾಲು ಮುಟ್ಟಲು ಬಗ್ಗಿದೆ. ಅವರು ತಡೆದು, "ಇದನ್ನೂ ಒಯ್ದು ಬೇರೆ ಎಲ್ಲಾದ್ರೂ ಇಡು" ಎಂದು ತಮ್ಮ ಜೇಬಿನ ಪೆನ್‌ಡ್ರೈವ್ ತೆಗೆದರು. ನಾನು ಅದನ್ನು ಮುಟ್ಟಲಿಲ್ಲ, ನನ್ನ ಕೈಗೆ ಬಂದರೆ ಅದೇ ತಪ್ಪು ಬೆಟಗೇರಿಯಲ್ಲಿ ಆಗುತ್ತದೆ ಎಂದೆ. ಅವರು ಗಟ್ಟಿಯಾಗಿ ನಕ್ಕರು. "ಶಾಣ್ಯಾಕಿ ಆದಿ! ನೋಡು ತಂಗೀ, ನಾ ಇವತ್ತ ಇಲ್ಲ ಅಂದೆ. ನಾಳೆ ಈ ತಿಜೋರಿ ಮುಂದ ನನ್ನ ಅಳಿಯ ಕುಂಡ್ರತಾನ. ಬಾಳ ಒಳ್ಳೇಂವ. ಯಾರಿಗೂ ಇಲ್ಲ ಅನ್ನಾಕ ಬರಂಗಿಲ್ಲ ಅವಗ."

ಆ ಹಂಗಾಮಿನಲ್ಲಿ ಅವರ ಅಂಗಡಿಯ ಮುಂದೆ ದೊಡ್ಡ ಖರೀದಿದಾರರ ಲಾರಿ ಖರೆಯಾಗಿಯೂ ನಿಲ್ಲಲಿಲ್ಲ. ಅದನ್ನು ನನಗೆ ಹೇಳಿದವರು ಫಕೀರಪ್ಪನವರು. ಅಂದಾನಪ್ಪನವರ ಬಾಯಿಂದ ಇವತ್ತಿನವರೆಗೂ ಆ ಮಾತು ಬಂದಿಲ್ಲ.

ಅಂಥ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಆದರೂ ಕೆಲಸ ನನಗೆ ಕಲಿಸಿದ್ದು ಅವರನ್ನು ನಂಬಿ ಕೂರಬಾರದು ಎಂಬುದನ್ನೇ. ಯಂತ್ರ ಸುಟ್ಟರೆ ಏನು, ಇಂಟರ್ನೆಟ್ ಹೋದರೆ ಏನು, ಒಬ್ಬ ಮೋಸಗಾರನಾದರೆ ಏನು ಎಂದು ನಾನು ಎಲ್ಲವನ್ನೂ ಪರೀಕ್ಷಿಸಿದ್ದೆ. ಎಲ್ಲರೂ ಒಬ್ಬನೇ ಒಳ್ಳೆಯವನನ್ನು ನಂಬಿದರೆ ಏನಾಗುತ್ತದೆ ಎಂದು ಪರೀಕ್ಷಿಸಿರಲಿಲ್ಲ. ಈಗ ಹೊಸ ಗುಂಪಿಗೆ ಕೀಲಿ ಹಂಚುವ ಮೊದಲು ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಸುತ್ತಮುತ್ತ ಕಣ್ಣು ಮುಚ್ಚಿ ನಂಬುವ ಮನುಷ್ಯ ಯಾರು? ಇಬ್ಬರ ಬಾಯಲ್ಲಿ ಒಂದೇ ಹೆಸರು ಬಂದರೆ, ಆ ಮನೆಯ ಹೊಸ್ತಿಲೊಳಗೆ ಒಂದು ಪಾಲೂ ಹೋಗದಂತೆ ನೋಡಿಕೊಳ್ಳುತ್ತೇನೆ.