ಟಕ್ ಟಕ್ ನಿಂತ ಕಡೆ

ಅವರ ಬಲಗೈ ಹೆಬ್ಬೆರಳ ತುದಿ ಗಟ್ಟಿಯಾಗಿ, ತುಸು ಚಪ್ಪಟೆಯಾಗಿತ್ತು. ಆಗಿನ ಗುಂಡಿ ಮೊಬೈಲಿನಲ್ಲಿ ಆಟವಾಡಲು ಐದರ ಗುಂಡಿ ಒತ್ತಿ ಒತ್ತಿ ಆದ ಜಡ್ಡು ಅದು. ಇಂದಿರಾನಗರದ ಮನೆಯೊಂದರ ಮಹಡಿಯಲ್ಲಿ ಫೋನುಗಳಿಗೆ ಆಟ ತಯಾರಿಸುತ್ತಿದ್ದ ನಮ್ಮ ಪುಟ್ಟ ತಂಡಕ್ಕೆ ಅವರೇ ಮುಖ್ಯಸ್ಥೆ. ನಮಗೆಲ್ಲ ಬರೀ ಮೇಡಂ.

ಸೂರಿನಿಂದ ಸೂರಿಗೆ ಹಾರುವ ಅಳಿಲಿನ ನಮ್ಮ ಮೊದಲ ಆಟ ಚೆನ್ನಾಗಿ ಓಡಿತ್ತು. ಅದನ್ನು ಮಾರಿದ ಕಂಪನಿ ಎರಡನೇ ಭಾಗ ಕೇಳಿತು. ಅದು ಸೋತರೆ ಆಫೀಸಿಗೆ ಬೀಗ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಂದಿನಿಂದ ಮೇಡಂಗೆ ನೆಮ್ಮದಿಯಿಲ್ಲ. ಮರ್ಫಿ ಟೌನಿನ ಮನೆಯಿಂದ ಬಂದು ಮೆಟ್ಟಿಲೇರುವಾಗಲೇ ಶುರು: "ಅದೇ ಹಳೇ ಆಟ ಅಂದ್ಬಿಟ್ರೆ ಏನ್ರೀ ಮಾಡೋದು?" ಆ ಭಯಕ್ಕೆ ಯಾರು ಏನು ಹೇಳಿದರೂ ಹೂಂ ಅನ್ನುತ್ತಿದ್ದರು. ಒಬ್ಬ ದೋಣಿ ಅಂದ, ಆಟದೊಳಗೆ ಬಂತು. ಇನ್ನೊಬ್ಬ ಗಾಳಿಪಟ ಅಂದ, ಅದೂ ಬಂತು. ಬೈಕ್ ರೇಸು, ಮೀನು ಹಿಡಿಯುವುದು. ಪಾಪದ ಅಳಿಲಿಗೆ ಹಾರಲು ಪುರುಸೊತ್ತೇ ಇಲ್ಲದಂತಾಯಿತು.

ಅವರು ಆಟ ಪರೀಕ್ಷಿಸುತ್ತಿದ್ದ ಕ್ರಮವೇ ವಿಚಿತ್ರ. ಹೊಸಬರ ಕೈಗೆ ಫೋನು ಕೊಟ್ಟು, ತಾವು ಗೋಡೆಗೆ ಮುಖ ಮಾಡಿ ಕೂತು, ಗುಂಡಿಯ ಸದ್ದನ್ನಷ್ಟೇ ಕೇಳುವುದು. "ಮುಖ ನೋಡಿದ್ರೆ ಮರ್ಯಾದೆಗೆ ನಗ್ತಾರೆ ಕಣೋ. ಬೆರಳಿಗೆ ಅದೆಲ್ಲ ಬರಲ್ಲ, ಬೇಜಾರಾದ್ರೆ ನಿಂತ್ಬಿಡುತ್ತೆ" ಎನ್ನುತ್ತಿದ್ದರು. ಈ ಸಲ ಹೆದರಿಕೆಗೆ ಆ ಪರೀಕ್ಷೆಯನ್ನೇ ಮುಂದೂಡುತ್ತ ಹೋದರು.

ಕೊನೆಗೊಂದು ದಿನ ಫ್ರೇಜರ್ ಟೌನಿನ ನಮ್ಮ ಅಕೌಂಟೆಂಟ್ ಸಾಹೇಬರು ಆಡಿದರು. ಟಕ್ ಟಕ್ ಟಕ್. ದೋಣಿ ಬಂತು, ಸದ್ದು ನಿಂತಿತು. "ಅರೇ, ಹಾರೋದು ಎಲ್ಲೋಯ್ತು ಮೇಡಂ?" ಹುಟ್ಟು ಹಾಕುವುದು ಕೈಗೆ ಹತ್ತುವಷ್ಟರಲ್ಲಿ ಗಾಳಿಪಟ ಬಂತು. ಮತ್ತೆ ಮೌನ. ಫೋನು ಕೆಳಗಿಟ್ಟು, "ಬಹಳ ಚೆನ್ನಾಗಿದೆ" ಎಂದರು.

ಮೇಡಂ ತಿರುಗಲೇ ಇಲ್ಲ. ಗೋಡೆ ನೋಡುತ್ತಲೇ ಅಂದರು: "ದೋಣಿ ತೆಗೀರಿ. ಪಟ ತೆಗೀರಿ. ಎಲ್ಲಾ ತೆಗೀರಿ."

ತೆಗೆಯುವಂತಿರಲಿಲ್ಲ. ಕಂಪನಿಯ ಜಾಹೀರಾತಿನಲ್ಲಿ ಆಗಲೇ ದೋಣಿ ತೇಲುತ್ತಿತ್ತು. ಆಟ ಹಾಗೇ ಹೊರಬಿತ್ತು, ಆಡಿದವರು ದೋಣಿಯ ಹತ್ತಿರವೇ ಕೈಬಿಟ್ಟರು, ಆಫೀಸು ಮುಚ್ಚಿತು. ಸಾಮಾನು ಕಟ್ಟುವ ದಿನ ಮೇಡಂ ನನ್ನ ಕೈಗೆ ಫೋನು ಕೊಟ್ಟು ಗೋಡೆಗೆ ತಿರುಗಿ ಕೂತರು. ನಾನು ಸೂರಿನ ಹಂತವನ್ನಷ್ಟೇ ಆಡಿದೆ. ಸದ್ದು ಒಮ್ಮೆಯೂ ನಿಲ್ಲಲಿಲ್ಲ.

"ಇದೇ ಸಾಕಿತ್ತಲ್ವೇನೋ" ಎಂದರು.

ಅವರು ಈಗಿಲ್ಲ. ನಾನು ಇಂದಿಗೂ ಆಟ ಮಾಡುತ್ತೇನೆ. ಇಂದಿನ ಫೋನಿಗೆ ಗುಂಡಿಯಿಲ್ಲ, ಅದಕ್ಕೇ ಉದ್ದ ಉಗುರು ಬಿಟ್ಟವರನ್ನು ಹುಡುಕಿ ಆಡಲು ಕೊಟ್ಟು, ಗೋಡೆಗೆ ತಿರುಗುತ್ತೇನೆ. ಗಾಜಿನ ಮೇಲೆ ಸಣ್ಣಗೆ ಟಕ್ ಟಕ್ ಕೇಳುತ್ತದೆ. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ನಾನು ಸೇರಿಸಿದ್ದನ್ನು ಅವತ್ತೇ ತೆಗೆದುಬಿಡುತ್ತೇನೆ, ಮೇಡಂ.