ಅಂಗೈಯಲ್ಲೊಂದು ಅನಾಮಧೇಯ ಗಾಜು

ಅಡುಗೆಮನೆಯಲ್ಲಿ ಚೀಟಿ ಅಂಟಿಸದ ಡಬ್ಬಿಯಿದ್ದರೆ ಮೂಸಿ ನೋಡಬಹುದು, ಚಿಟಿಕೆ ನಾಲಿಗೆಗಿಟ್ಟು ನೋಡಬಹುದು. ಹೆಸರಿಲ್ಲದ ಗಾಜಿನ ಕುಲಗೋತ್ರವನ್ನು ಹೇಗೆ ವಿಚಾರಿಸುವುದು, ನೀವೇ ಹೇಳಿ. ಕಡಗಂಚಿಯ ಪ್ರಾಧ್ಯಾಪಕ ಮಿತ್ರರೊಬ್ಬರು ಊರು ಬಿಡುವಾಗ ನನಗೆ ದಾಟಿಸಿದ ದೂರದರ್ಶಕದ ಪೆಟ್ಟಿಗೆಯಲ್ಲಿ, ಕಣ್ಣಿಟ್ಟು ನೋಡುವ ಮಸೂರಕ್ಕೆ ತಿರುಗಿಸಿ ಕೂಡಿಸುವಂಥ ದುಂಡನೆಯ ಕಪ್ಪು ಫಿಲ್ಟರ್ ಒಂದಿತ್ತು. ಅದರ ಲೋಹದ ಅಂಚಿನ ಮೇಲೆ ಒಂದಕ್ಷರವೂ ಇರಲಿಲ್ಲ. ಅದು ಚಂದ್ರನ ಪ್ರಭೆಯನ್ನು ತಗ್ಗಿಸುವುದೋ, ಸೂರ್ಯನ ಹೆಸರಿನಲ್ಲಿ ಮಾರುವ, ಬಿಸಿಗೆ ಸಿಡಿದು ಕಣ್ಣಿಗೇ ಕುತ್ತಾಗುವ ಅಪಾಯದ ಗಾಜೋ ತಿಳಿಯದು.

ತಿಳಿಯಲೇಬೇಕಿತ್ತು. ಪೊರೆ ತೆಗೆಸಿಕೊಂಡಿದ್ದ ಅವ್ವನಿಗೆ ಕಳೆದ ಹುಣ್ಣಿಮೆಯಲ್ಲಿ ಚಂದ್ರನನ್ನು ತೋರಿಸಲು ಹೋದಾಗ, “ಚುಚ್ಚತದಪಾ, ಸಾಕು” ಎಂದು ಆಕೆ ನೀರು ತುಂಬಿದ ಕಣ್ಣೊರೆಸಿಕೊಂಡು ಹಿಂದೆ ಸರಿದಿದ್ದಳು. ಚಂದ್ರನಿಗೇ ಹಿಡಿದು ಪರೀಕ್ಷಿಸಬಹುದಿತ್ತಲ್ಲ ಎನ್ನಬೇಡಿ. ಅಮಾವಾಸ್ಯೆಯ ಆಸುಪಾಸಿನಲ್ಲಿ ಚಂದ್ರನನ್ನು ಎಲ್ಲಿಂದ ತರಲಿ? ಅಫಜಲಪುರದ ಷಡ್ಡಕರು ಗಾಜನ್ನು ತಿರುವಿ ನೋಡಿ, “ಇದು ಪಕ್ಕಾ ವೆಲ್ಡಿಂಗ್‌ನವರ ಕಾಜು ಅದರಿ” ಎಂದು ನನ್ನ ಗೊಂದಲವನ್ನು ಇನ್ನಷ್ಟು ಸಮೃದ್ಧಗೊಳಿಸಿದರು.

ಕೊನೆಗೆ ನನ್ನದೇ ವಿಧಾನ ಹುಡುಕಿದೆ. ಸೂರ್ಯನದಾದರೆ ಸೂರ್ಯನ ಹೊರತು ಮತ್ತೇನೂ ಅದರಲ್ಲಿ ಕಾಣಬಾರದು. ಚಂದ್ರನದಾದರೆ ಅದರ ಮೂಲಕ ಅಂಗೈಯ ರೇಖೆಗಳು ಮಸುಕಾಗಿಯಾದರೂ ಕಾಣಬೇಕು. ಮುಂಜಾನೆ ಸ್ನಾನ ಮುಗಿಸಿ, ಕಿಟಕಿಯ ಬೆಳಕಿಗೆ ಎದುರಾಗಿ ಚಕ್ಕಳಮಕ್ಕಳ ಹಾಕಿ ಕುಳಿತು, ಗಾಜನ್ನು ಎಡ ಅಂಗೈಯಲ್ಲಿಟ್ಟು ಎವೆಯಿಕ್ಕದೆ ದಿಟ್ಟಿಸಿದೆ. ರೇಖೆ ಕಂಡಂತೆಯೂ ಇತ್ತು, ಕಂಡಿತೆಂಬುದು ಭ್ರಮೆಯೆಂಬಂತೆಯೂ ಇತ್ತು. ಬೆನ್ನ ಹಿಂದೆ ಬಳೆಯ ಸದ್ದಾಯಿತು. ಅವ್ವ ನನ್ನ ಮುಂದೆ ವಿಭೂತಿ, ಪತ್ರಿ ಇಟ್ಟು, “ಏಳಬ್ಯಾಡ, ಪೂಜಿ ಮುಗಸು” ಎಂದು ಪಿಸುಗುಟ್ಟಿ ಹೋದಳು.

ಲಿಂಗವಂತರ ಮನೆಯಲ್ಲಿ ಎಡಗೈಯಲ್ಲಿ ಕಪ್ಪಗಿನ ದುಂಡು ವಸ್ತುವನ್ನಿಟ್ಟು ನೋಡುತ್ತ ಕುಳಿತವನನ್ನು ಕಂಡರೆ ಬೇರೆ ಏನು ತಿಳಿಯಬೇಕು? ಕಾಲೇಜು ಹಾಸ್ಟೆಲಿಗೆ ಹೋದಾಗ ಬಿಟ್ಟ ಇಷ್ಟಲಿಂಗ ಪೂಜೆಯನ್ನು ಮಗ ತಲೆ ನರೆತ ಮೇಲೆ ಹಿಡಿದನೆಂದು ಅವ್ವ ಹಿಗ್ಗಿದಳು. ನಾನು ನಿಜ ಹೇಳಲು ಅಡುಗೆಮನೆಗೆ ಹೋಗುವಷ್ಟರಲ್ಲಿ, ಗಾಜಿನ ಸಂಗತಿ ತಿಳಿದಿದ್ದ ನನ್ನಾಕೆ ಬೆಲ್ಲ ಕುಟ್ಟುತ್ತಿದ್ದಳು.

“ಅತ್ತಿ ಗೋಧಿ ಹುಗ್ಗಿ ಮಾಡಂದಾರ. ಈಗ ಹೋಗಿ ಏನು ಹೇಳ್ತೀರಿ, ಹೇಳ್ರಿ ನೋಡೋಣ” ಎಂದಳು.

ಹೋಗದೆ ಕುಳಿತು ಹುಗ್ಗಿ ಉಂಡೆ. ಮರುದಿನ ಅವ್ವ ಮಣೆ ಹಾಕಿಟ್ಟಿದ್ದಳು, ಕುಳಿತೆ. ಅದರ ಮರುದಿನವೂ ಕುಳಿತೆ. ದೂರದರ್ಶಕದ ಬಿಡಿಭಾಗಕ್ಕೆ ಪತ್ರಿ ಏರಿಸಿದ ಮೊದಲ ಖಗೋಳಪ್ರೇಮಿ ಬಹುಶಃ ಜೇವರ್ಗಿಯ ನಾನೇ ಇರಬೇಕು. ನಗಬೇಡಿ, ಅವ್ವನ ಸಂತೋಷವನ್ನು ಹೇಗೆ ಮುರಿಯಲೆಂದು ದಿನವೂ ಲೆಕ್ಕ ಹಾಕುತ್ತಿದ್ದೆ. ವಿಚಿತ್ರವೆಂದರೆ, ಹಾಗೆ ಕೂರುವ ಹೊತ್ತು ನನಗೆ ಹಿಡಿಸತೊಡಗಿತ್ತು, ಅದೂ ಯಾಕೆಂದು ತಿಳಿಯದು. ಅಷ್ಟರಲ್ಲಿ ಅಂಗೈಯ ರೇಖೆಗಳು ಕಾಣುವುದಂತೂ ಖಚಿತವಾಯಿತು.

ಶುಕ್ಲಪಕ್ಷ ಬಲಿತು, ಒಂದು ಸಂಜೆ ಮಾಳಿಗೆಯ ಮೇಲೆ ಫಿಲ್ಟರನ್ನು ಮಸೂರಕ್ಕೆ ಕೂಡಿಸಿ, ಮೊದಲು ನಾನು ನೋಡಿ, ಅವ್ವನನ್ನು ಕರೆದೆ. ಆಕೆ ಕಣ್ಣಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ.

“ಚುಚ್ಚತದೇನವ್ವ?”

“ಇಲ್ಲಪಾ. ತಣ್ಣಗದ. ತೂತು ತೂತು ಕಾಣ್ತದ.”

“ಅವ್ವ, ನಾ ದಿನಾ ಕೈಯಾಗ ಇಟ್ಕೊಂಡು ಕುಂದರ್ತಿದ್ನಲ್ಲ, ಅದು ಈ ಕಾಜು. ಲಿಂಗ ಅಲ್ಲ.”

“ಗೊತ್ತದ” ಎಂದಳು ಅವ್ವ, ಮಸೂರದಿಂದ ಕಣ್ಣು ತೆಗೆಯದೆ. “ಮೊದಲ ದಿನ ಬ್ಯಾರೆ ಲಿಂಗ ತಂದಿ ಅನಕೊಂಡಿದ್ದೆ, ಎರಡನೇ ದಿನಾನ ತಿಳೀತು. ಮಗ ಕುಂತಾನಲ್ಲ ಅಂತ ಸುಮ್ಕಿದ್ದೆ. ನೀ ಹಾಸ್ಟೆಲಿಗಿ ಹೋದಾಗಿಂದ ನಿನ್ನ ಲಿಂಗ ನನ್ನ ಲಿಂಗದ ಸಂಗಟಾನೇ ಪೂಜಿ ಆಗಾಕತ್ತದ.”

ನಾನು ದೂರದರ್ಶಕವನ್ನು ಚಂದ್ರನತ್ತ ತುಸು ಸರಿಸಿಕೊಟ್ಟೆ. ಅವ್ವ ಚಂದ್ರನನ್ನು ನೋಡುತ್ತಲೇ ಅಂದಳು:

“ನಾಳಿಗಿ ಈ ಕಾಜು ಇಲ್ಲೇ ಇರ್ಲಿ. ಬರೇ ಕೈಲೆ ಬಾ, ನಿಂದು ನಿನಗ ಕೊಡ್ತೇನಿ.”