ಡಚ್ಚರ ರಾಕ್‌ಗೆ ಧಾರವಾಡದ ‘ವಾಹ್’

ನೆದರ್‌ಲ್ಯಾಂಡ್ಸಿನ ಒಂದು ಸಣ್ಣ ಊರು. ಹಳೆಯ ಚರ್ಚೊಂದನ್ನು ಹಾಲ್ ಮಾಡಿದ್ದಾರೆ. ಹೆಚ್ಚೆಂದರೆ ಎಂಬತ್ತು ಜನ, ಎಲ್ಲರೂ ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದಾರೆ. ವೇದಿಕೆಯ ಮೇಲೆ ಮೂವರು ನಡುವಯಸ್ಸಿನವರು ರಾಕ್ ನುಡಿಸುತ್ತಿದ್ದಾರೆ. ಡ್ರಮ್ಸ್ ನಿಂತಿತು. ಕೀಬೋರ್ಡ್ ನಿಂತಿತು. ಗಿಟಾರ್ ಒಂದೇ ಉಳಿಯಿತು. ಹಾಲ್ ತುಂಬಾ ಮೌನ. ಅಷ್ಟರಲ್ಲಿ ಹಿಂದಿನಿಂದ ಯಾರೋ ಗಟ್ಟಿಯಾಗಿ ಕೂಗಿದರು: "ವ್ವಾಹ್!"

ಎಂಬತ್ತು ತಲೆಗಳೂ ಹಿಂದಕ್ಕೆ ತಿರುಗಿದವು.

ಕೂಗಿದವರು ನಮ್ಮ ಗುರಣ್ಣ. ಹುಟ್ಟೂರು ಧಾರವಾಡ, ಮನೆ ಈಗ ಕೆನಡಾದ ವಿಟ್ಬಿಯಲ್ಲಿ, ನೀರಿನ ಪಂಪುಗಳ ಎಂಜಿನಿಯರ್ ಆಗಿ ರಿಟೈರ್ ಆದವರು. ಹುಡುಗನಾಗಿದ್ದಾಗ ಅಪ್ಪನ ಪಕ್ಕ ಚಾಪೆಯ ಮೇಲೆ ಕೂತು ರಾತ್ರಿಗಟ್ಟಲೆ ಹಿಂದೂಸ್ತಾನಿ ಕೇಳಿದವರು. ಅಲ್ಲಿ ಗವಾಯಿ ಸರಿಯಾದ ಜಾಗಕ್ಕೆ ಬಂದು ನಿಂತರೆ ವಾಹ್ ಅನ್ನಲೇಬೇಕು. ಅನ್ನದಿದ್ದರೆ ಹಾಡಿದವರಿಗೆ ಅವಮಾನ. ಡಚ್ಚರಿಗೆ ಇದನ್ನು ಯಾರು ಹೇಳಬೇಕು?

ಈ ಪ್ರಸಂಗವನ್ನು ಎಲ್ಲೋ ಓದಿದ ಹಾಗಿದೆಯಲ್ಲ ಅನ್ನಿಸುತ್ತಿದೆಯೇ? ಓದಿದ್ದೀರಿ. ನಾಲ್ಕು ವರ್ಷದ ಹಿಂದೆ ಪತ್ರಿಕೆಯ ಇದೇ ಜಾಗದಲ್ಲಿ ನಾನೇ ಬರೆದಿದ್ದೆ. ಉಪ್ಪು ಖಾರ ಸ್ವಲ್ಪ ಹೆಚ್ಚೇ ಹಾಕಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಫೋನ್ ಮಾಡಿ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು ಎಂದಿರಿ. ಆಮೇಲೆ ಇಲ್ಲಿನ ಕನ್ನಡಿಗರ ಪಿಕ್‌ನಿಕ್ಕಿನಲ್ಲಿ ಗುರಣ್ಣ ಒಂದು ಬೋಂಡಾ ಕಚ್ಚಿದರೂ ಸಾಕು, ಪಕ್ಕದವರು ವಾಹ್ ಅನ್ನುತ್ತಿದ್ದರು. ಗುರಣ್ಣನೂ ನಗುತ್ತಿದ್ದರು. ನಾನಂತೂ ಕಾಲರ್ ಏರಿಸಿಕೊಂಡು ಓಡಾಡಿದೆ.

ಕಳೆದ ಫೆಬ್ರವರಿಯಲ್ಲಿ ಅವರ ಹೆಂಡತಿ ಸುನಂದಕ್ಕನ ಫೋನ್ ಬಂತು.

"ನೀವ ಬಂದು ಒಂದು ಮಾತು ಹೇಳ್ರಿ ಅವರಿಗೆ. ಮಂಗಳವಾರ ಆಪರೇಶನ್ ಅದ. ಇನ್ನೂ ಫಾರ್ಮಿಗೆ ಸಹಿ ಮಾಡವಲ್ಲರು. ಎರಡು ಸಲ ಮುಂದ ಹಾಕ್ಯಾರ."

"ಏನು ಆಪರೇಶನ್ ಸುನಂದಕ್ಕ?"

ಗುರಣ್ಣನ ಎಡಗಿವಿ ಚಿಕ್ಕಂದಿನ ಮಂಗನಬಾವಿನಲ್ಲೇ ಹೋಗಿತ್ತಂತೆ. (ಹದಿನೈದು ವರ್ಷದ ಸ್ನೇಹ, ನನಗೆ ಗೊತ್ತೇ ಇರಲಿಲ್ಲ. ಅವರು ಯಾವಾಗಲೂ ನನ್ನ ಎಡಕ್ಕೇ ಬಂದು ನಡೆಯುತ್ತಿದ್ದರು, ಅಷ್ಟೆ.) ಈಗ ಬಲಗಿವಿಯೂ ಹೋಗುತ್ತಿದೆ. ಹಿಯರಿಂಗ್ ಏಡ್ ಸಾಲದು. ಕಿವಿಯೊಳಗೆ ಒಂದು ಯಂತ್ರ ಕೂಡಿಸಬೇಕು. ಕೂಡಿಸಿದರೆ ಮಾತು ಕೇಳಿಸುತ್ತದೆ. ಆದರೆ ಉಳಿದಿರುವ ಒಂದಿಷ್ಟು ಸಹಜ ಶ್ರವಣಶಕ್ತಿ ಬಹುಮಟ್ಟಿಗೆ ಹೋಗುತ್ತದೆ. ಸಂಗೀತ ಮೊದಲಿನಂತೆ ಕೇಳಿಸುವ ಭರವಸೆ ಕೊಡಲಾರೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಮಾತು ಬೇಕೋ ಹಾಡು ಬೇಕೋ ಅಂದಂಗಾತು ನೋಡ್ರಿ," ಎಂದರು ಸುನಂದಕ್ಕ. "ಮೊಮ್ಮಗಳಿಗೆ ಈಗ ಮಾತು ಬಂದಾವ. ದಿನಾ ಅಜ್ಜಾ ಅಜ್ಜಾ ಅಂತ ಫೋನಿನ್ಯಾಗ ಒದರತದ. ಇವರು ಸುಮ್ಮನ ನಗತಾರ. ಕೇಳಿಸಿರೂದಿಲ್ಲ."

"ಇಷ್ಟಾಗುವ ತನಕ ನಿಮಗೆ ಗೊತ್ತಾಗಲಿಲ್ವಾ?"

"ಡಿಸೆಂಬರಿನ್ಯಾಗ ಐಸ್ ಸ್ಟಾರ್ಮ್ ಆತಲ್ರೀ, ಎರಡು ದಿನ ಕರೆಂಟ್ ಇದ್ದಿಲ್ಲ. ಸಂಜಿ ಐದಕ್ಕ ಕತ್ತಲಿ. ಆ ಕತ್ತಲದಾಗ ಇವರಿಗೆ ನನ್ನ ಒಂದು ಮಾತೂ ತಿಳೀಲಿಲ್ಲ. ಅವಾಗ ಗೊತ್ತಾತು. ಇಷ್ಟು ದಿನ ನನ್ನ ತುಟಿ ನೋಡಿ ಉತ್ತರ ಕೊಡತಿದ್ದರು."

"ಮನೆಯಲ್ಲಿ ಹಾಡು ಜೋರಾಗಿ ಇಡ್ತಿರಲಿಲ್ವಾ? ಅದರಿಂದಲಾದರೂ..."

"ಮನ್ಯಾಗ ಎಲ್ಲಿ ಹಚ್ಚತಾರ? ನೀವು ಪೇಪರಿನ್ಯಾಗ ಬರದ ಮ್ಯಾಲೆ ಮನ್ಯಾಗ ಹಚ್ಚಿಲ್ಲ. ಗ್ಯಾರೇಜಿನ್ಯಾಗ ಕಾರಿನ ಗ್ಲಾಸ್ ಏರಿಸಿಕೊಂಡು ಕೂತು ಕೇಳತಾರ."

ಆಕೆ ನನ್ನನ್ನು ದೂರಲಿಲ್ಲ. ಹಾಲು ಮುಗಿದಿದೆ ಅನ್ನುವ ಧಾಟಿಯಲ್ಲಿ ಹೇಳಿದರು. ನಾಲ್ಕು ವರ್ಷ ಒಬ್ಬ ಮನುಷ್ಯ ತನ್ನ ಮನೆಯ ಗ್ಯಾರೇಜಿನಲ್ಲಿ ಅಡಗಿ ಕೂತು ಹಾಡು ಕೇಳಿದ್ದಾರೆ. ವಾಲ್ಯೂಮು ವರ್ಷದಿಂದ ವರ್ಷಕ್ಕೆ ಏರಿದೆ. ಕಾರಿನ ಗಾಜು ಮುಚ್ಚಿದ್ದರಿಂದ ಹೆಂಡತಿಗೆ ತಿಳಿದಿಲ್ಲ. ಅವರ ಕಿವಿ ಹೋಗಿದ್ದು ನನ್ನಿಂದ ಅಲ್ಲ, ಸರಿ. ಆದರೆ ಅದು ಯಾರಿಗೂ ಗೊತ್ತಾಗದೆ ಹೋದದ್ದರಲ್ಲಿ ನನ್ನ ಪಾಲಿಲ್ಲವೇ? ಫೋನ್ ಇಟ್ಟ ಮೇಲೆ ನನಗೆ ನಾಚಿಕೆಯಾಯಿತು.

ಭಾನುವಾರ ಮಿಸ್ಸಿಸಾಗಾದಿಂದ ವಿಟ್ಬಿಗೆ ಹೊರಟೆ. 401 ಹೈವೇಯಲ್ಲಿ ಹಿಮ ಉದುರುತ್ತಿತ್ತು. ದಾರಿಯುದ್ದಕ್ಕೂ ಆ ಬ್ಯಾಂಡಿನ ಬಗ್ಗೆ ನನಗೆ ಏನು ಗೊತ್ತು ಎಂದು ನೆನಪಿಸಿಕೊಂಡೆ. ಗೊತ್ತಿದ್ದದ್ದೆಲ್ಲ ಗುರಣ್ಣ ಪೋರ್ಟ್ ಕ್ರೆಡಿಟ್‌ನ ಕೆರೆ ದಂಡೆಯ ಮೇಲೆ (ಒಂಟಾರಿಯೊ ಸರೋವರಕ್ಕೆ ಅವರು ಕೆರೆ ಎಂದೇ ಅನ್ನುವುದು) ವಾಕಿಂಗ್ ಮಾಡುತ್ತ ಹೇಳಿದ್ದು.

ಬ್ಯಾಂಡಿನ ಹೆಸರು ಗ್ರೇ ಪೋಲ್ಡರ್. ಸಮುದ್ರವನ್ನು ಹಿಂದೆ ಸರಿಸಿ ಗಳಿಸಿದ ನೆಲಕ್ಕೆ ಡಚ್ಚರು ಪೋಲ್ಡರ್ ಅನ್ನುತ್ತಾರಂತೆ. ತೊಂಬತ್ತರ ದಶಕದ ಶುರುವಿನಲ್ಲಿ ಗುರಣ್ಣ ಆ ನೆಲವನ್ನು ಒಣಗಿಸಿಡುವ ಪಂಪ್‌ಹೌಸೊಂದಕ್ಕೆ ಟ್ರೇನಿಂಗಿಗೆ ಹೋಗಿದ್ದರು. ಅಲ್ಲಿ ಮೀಟರ್ ನೋಡಿಕೊಳ್ಳುತ್ತಿದ್ದವನೇ ಈ ಬ್ಯಾಂಡಿನ ಗಿಟಾರಿಸ್ಟ್. ಕೀಬೋರ್ಡಿನವರು ಹೈಸ್ಕೂಲಿನ ಭೂಗೋಳದ ಮೇಷ್ಟ್ರು. ಡ್ರಮ್ಸ್ ಬಾರಿಸುವವರು ಹಲ್ಲಿನ ಡಾಕ್ಟರು. ಸಂಗೀತದ ಜಾತಿ ನಿಯೋ ಪ್ರೋಗ್ರೆಸಿವ್ ರಾಕ್. ಹಾಗೆಂದರೆ ಏನು? ಮೂರು ನಿಮಿಷದ ಹಾಡನ್ನು ಇಪ್ಪತ್ತು ನಿಮಿಷ ಎಳೆಯುವುದು ಎಂದು ಆಗ ನಾನು ಬರೆದಿದ್ದೆ.

"ನಮ್ಮ ಬಡಾ ಖ್ಯಾಲ್ ಒಂದು ತಾಸು ನಡೀತದ," ಎಂದಿದ್ದರು ಗುರಣ್ಣ. "ಅವಾಗ ಯಾರರ ಗಡಿಯಾರ ನೋಡತಾರೇನು?"

ಇಪ್ಪತ್ತು ವರ್ಷದಲ್ಲಿ ಅವರು ತಂದದ್ದು ನಾಲ್ಕು ಆಲ್ಬಮ್ಮು. ಮೊದಲನೆಯದರಲ್ಲಿ ಸಮುದ್ರದ ಒಡ್ಡು ಕಾಯುವ ಮುದುಕನೊಬ್ಬನ ಕಥೆ, ಆರಂಭದಿಂದ ಕೊನೆಯ ತನಕ ಅದೇ. ಎರಡನೆಯದರ ಹೊತ್ತಿಗೆ ಹಾಡುಗಾರ ಕೈಕೊಟ್ಟು ಹೋದ, ಗಿಟಾರಿಸ್ಟೇ ಹಾಡಿದ. ಅವನ ಗಂಟಲು ಅಷ್ಟಕ್ಕಷ್ಟೇ. ಆದರೂ ಗುರಣ್ಣನಿಗೆ ಅದೇ ಇಷ್ಟ. ಆಮೇಲೆ ಹನ್ನೆರಡು ವರ್ಷ ಸದ್ದಿಲ್ಲ. ಮಕ್ಕಳು, ಮನೆ ಸಾಲ, ಹಲ್ಲಿನ ಕ್ಲಿನಿಕ್ಕು. ಯಾವ ರೇಡಿಯೋದವರೂ ಅವರನ್ನು ಹುಡುಕಲಿಲ್ಲ. ನಂತರ ಒಂದು ಈಮೇಲು: ಇನ್ನೊಮ್ಮೆ ಸೇರಿ ನುಡಿಸುತ್ತೇವೆ, ಬನ್ನಿ. ಗುರಣ್ಣ ವಿಮಾನ ಹತ್ತಿದರು. ಆ ಕಛೇರಿಯ ರೆಕಾರ್ಡಿಂಗೇ ಮೂರನೆಯ ಆಲ್ಬಮ್ಮು. ಅದರೊಳಗೆ ಗುರಣ್ಣನ ವಾಹ್ ಹಾಗೇ ಇದೆ. ಕತ್ತರಿಸಿ ತೆಗೆಯಲು ಅವರ ಬಳಿ ದುಡ್ಡಿರಲಿಲ್ಲ ಎಂದು ನಾನು ತಮಾಷೆ ಮಾಡಿದ್ದೆ. ನಾಲ್ಕನೆಯದನ್ನು ಡ್ರಮ್ಸ್ ಇಲ್ಲದೆಯೇ ಮಾಡಿದರು. ಡಾಕ್ಟರ ಭುಜ ಹಿಡಿದುಕೊಂಡಿತ್ತು. ಅದರ ಹಿಂದೆಯೇ ಇನ್ನೊಂದು ಈಮೇಲು: ಇಲ್ಲಿಗೆ ನಿಲ್ಲಿಸುತ್ತೇವೆ.

ಇದರಲ್ಲಿ ಒಂದೇ ಒಂದು ಹಾಡನ್ನಾದರೂ ನಾನು ಪೂರ್ತಿ ಕೇಳಿದ್ದೆನೇ? ಇಲ್ಲ. ಕೇಳದೆಯೇ ಎಂಟುನೂರು ಪದ ಬರೆದಿದ್ದೆ.

ಗುರಣ್ಣ ಬಾಗಿಲು ತೆಗೆದರು. ಸೊರಗಿದ್ದರು. ಊಟದ ಮೇಜಿನ ಮೇಲೆ ಮಕ್ಕಳ ವೈಟ್‌ಬೋರ್ಡ್ ಒಂದಿತ್ತು. ಈಗ ಆ ಮನೆಯ ಮಾತುಕತೆ ಅದರ ಮೇಲೆಯೇ. ಫ್ರಿಜ್ಜಿನ ಮೇಲೆ ಆಸ್ಪತ್ರೆಯ ಫಾರ್ಮನ್ನು ಮ್ಯಾಗ್ನೆಟ್ ಹಾಕಿ ಸಿಕ್ಕಿಸಿದ್ದರು. ನಾನು ಪೆನ್ನು ತೆಗೆದುಕೊಂಡು "ಅಣ್ಣಾ, ಸಹಿ" ಎಂದು ಬರೆಯುವಷ್ಟರಲ್ಲೇ ಅವರು ಕೈ ಅಡ್ಡ ಇಟ್ಟರು.

"ಯಾಕ ಬಂದೀ ಗೊತ್ತದ. ಮಾಡತೇನಿ. ಮೊಮ್ಮಗಳ ದನಿ ನಾನೂ ಕೇಳಬೇಕಲ್ಲಾ. ಅದಕ್ಕೂ ಮೊದಲ ಒಂದು ಕೆಲಸ ಅದ."

ಲಿವಿಂಗ್ ರೂಮಿಗೆ ಕರೆದುಕೊಂಡು ಹೋದರು. ಗ್ಯಾರೇಜಿಗಲ್ಲ. ಸ್ಪೀಕರುಗಳ ಮೇಲಿನ ಬಟ್ಟೆ ತೆಗೆದು, ಮೂರನೆಯ ಸೀಡಿ ಹಾಕಿದರು. ನನ್ನನ್ನು ಸೋಫಾದಲ್ಲಿ ಕೂರಿಸಿ, ತಾವು ಒಂದು ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ಸ್ಪೀಕರಿಗೆ ಬೆನ್ನು ಹಾಕಿ.

"ನನಗ ಈಗ ಬರೇ ಗುಂಯ್ ಅಂತದ. ಎಲ್ಲಿ ಬಂತು ಅಂತ ತಿಳೀವಲ್ದು. ನೀ ಕೇಳು. ನಾ ನಿನ್ನ ಮುಖ ನೋಡತೇನಿ."

ತಲೆಯಾಡಿಸಿದೆ.

ಹತ್ತೊಂಬತ್ತು ನಿಮಿಷದ ಹಾಡು. ಒಡ್ಡು ಕಾಯುವ ಮುದುಕನದ್ದೇ. ಶುರುವಾಯಿತು. ಎದುರಿಗೆ ಒಂದೂವರೆ ಅಡಿ ದೂರದಲ್ಲಿ ಗುರಣ್ಣನ ಕಣ್ಣು. ಮೊದಲು ಮುಜುಗರ. ಎಲ್ಲಿ ನೋಡಬೇಕೋ ತಿಳಿಯದು. ಅಡುಗೆಮನೆಯ ಬಾಗಿಲಲ್ಲಿ ಸುನಂದಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಐದು ನಿಮಿಷ ಕಳೆಯಿತು. ಎಂಟು. ಕೀಬೋರ್ಡು ಒಂದೇ ಸಾಲನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಿತ್ತು. ನನಗೆ ಏನೂ ಆಗಲಿಲ್ಲ. ಆದರೂ ಆಗುತ್ತಿದೆ ಎಂಬ ಮುಖ ಮಾಡಿಕೊಂಡೆ. ಗುರಣ್ಣನ ಕಣ್ಣಲ್ಲಿ ಅನುಮಾನ ಕಾಣಿಸಿತು. ಇಲ್ಲದ ಜಾಗದಲ್ಲಿ ನಾನು ತಲೆದೂಗುತ್ತಿದ್ದೆ ಅಂತ ಕಾಣುತ್ತದೆ.

ಹದಿಮೂರನೆಯ ನಿಮಿಷವೋ ಏನೋ, ಜೇಬಿನಲ್ಲಿ ಫೋನ್ ಗುರ್ ಎಂದಿತು. ಅಭ್ಯಾಸಬಲ. ತೆಗೆದು ನೋಡಿದೆ. ಮಗನ ಮೆಸೇಜು, ಬರುವಾಗ ಪ್ರಿಂಟರಿನ ಇಂಕ್ ತರಬೇಕಂತೆ. ಓಕೆ ಎಂದು ಒತ್ತುತ್ತಿದ್ದೇನೆ, ಸ್ಪೀಕರಿನಿಂದ ಬಂತು: "ವ್ವಾಹ್!"

ಗುರಣ್ಣನ ದನಿ. ಎಷ್ಟೋ ವರ್ಷ ಹಿಂದಿನ, ತುಂಬು ದನಿ. ಅದರ ಹಿಂದೆಯೇ ಡ್ರಮ್ಸು, ಕೀಬೋರ್ಡು ಎಲ್ಲ ಒಟ್ಟಿಗೆ ನುಗ್ಗಿ ಬಂದವು.

ತಲೆ ಎತ್ತಿದೆ. ಗುರಣ್ಣ ನನ್ನ ಮುಖವನ್ನು ನೋಡುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಫೋನನ್ನು ನೋಡುತ್ತಿದ್ದರು.

"ಹೋತೇನು?" ಎಂದರು ಮೆಲ್ಲಗೆ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೂಂ ಎಂದೆ. ಆ ವಾಹ್ ಯಾತಕ್ಕಾಗಿ ಬಂತು ಎಂಬುದನ್ನು ನಾನು ಎರಡನೆಯ ಸಲ ಕಳೆದುಕೊಂಡಿದ್ದೆ. ಅದರ ಮೇಲೆ ಒಂದು ಲೇಖನ ಬರೆದ ಆಸಾಮಿ ನಾನು.

ಅವರು ಸಿಟ್ಟಾಗಲಿಲ್ಲ. ಎದ್ದು ಹೋಗಿ ಒಂದು ಲಕೋಟೆ ತಂದು ಕೊಟ್ಟರು. ಗಿಟಾರಿಸ್ಟ್ ಆ ಸೀಡಿಯ ಜೊತೆ ಕಳಿಸಿದ್ದ ಕಾಗದ. ಮುರುಕು ಇಂಗ್ಲಿಷು. ನಿನ್ನ ಕೂಗನ್ನು ತೆಗೆದುಬಿಡೋಣ ಎಂದು ರೆಕಾರ್ಡಿಂಗ್ ಎಂಜಿನಿಯರ್ ಕೇಳಿದ, ನಾನು ಒಪ್ಪಲಿಲ್ಲ ಎಂದು ಬರೆದಿದ್ದ. ನೀನು ವಾಹ್ ಎಂದ ಆ ಒಂದು ಸ್ವರಕ್ಕಾಗಿ ಹಾಡಿನ ಉಳಿದ ಭಾಗವನ್ನೆಲ್ಲ ಕಟ್ಟಿದ್ದು, ಅದನ್ನು ಈವರೆಗೆ ಕಂಡುಹಿಡಿದು ಹೇಳಿದವನು ನೀನೊಬ್ಬನೇ ಎಂದಿದ್ದ.

ಕಾಗದವನ್ನು ಮಡಚಿ ಲಕೋಟೆಗೆ ಹಾಕಿದೆ. ಇದನ್ನು ಅಂದೇ ತೋರಿಸಿದ್ದರೆ ನಾನು ಹಾಗೆ ಬರೆಯುತ್ತಿದ್ದೆನೇ? ಅವರು ತೋರಿಸಲಿಲ್ಲ ನಿಜ. ನಾನಾದರೂ ಕೇಳಿದ್ದೆನೇ? ಬೋರ್ಡಿನ ಮೇಲೆ "ತಪ್ಪಾಯಿತು ಅಣ್ಣಾ" ಎಂದು ಬರೆದೆ. ಗುರಣ್ಣ ಓದಿದರು. ಅಂಗೈಯಿಂದ ಒರೆಸಿಬಿಟ್ಟರು.

"ಅದು ಬಿಡು. ಇನ್ನೊಮ್ಮೆ ಹಚ್ಚತೇನಿ. ಫೋನ್ ಸುನಂದಾಗ ಕೊಡು."

ಕೊಟ್ಟೆ. ಸುನಂದಕ್ಕ ಅದನ್ನು ಅಕ್ಕಿ ಡಬ್ಬಿಯ ಮೇಲಿಟ್ಟು ಬಂದು, ಈ ಸಲ ಒಳಗೇ ಕೂತರು.

ಮತ್ತೆ ಮೊದಲಿನಿಂದ. ಮುಖ ಮಾಡಿಕೊಳ್ಳುವ ಪ್ರಯತ್ನ ಬಿಟ್ಟೆ. ಹತ್ತು ನಿಮಿಷದ ಮೇಲೆ ಗೊತ್ತಾಯಿತು, ಕೀಬೋರ್ಡಿನ ಆ ತಿರುಗುವ ಸಾಲು ಒಂದೇ ಅಲ್ಲ. ಪ್ರತಿ ಸುತ್ತಿಗೂ ಒಂದು ಸ್ವರ ಬಿಟ್ಟುಹೋಗುತ್ತದೆ. ಸಾಲು ಸವೆಯುತ್ತ ಸವೆಯುತ್ತ ಇಲ್ಲವಾಗುತ್ತದೆ. ಡ್ರಮ್ಸೂ ಇಲ್ಲ. ಗಿಟಾರ್ ಒಂದು ಸ್ವರ ಹಿಡಿದು ನಿಂತಿತು. ನಿಂತೇ ಇತ್ತು. ಅದು ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತಿತ್ತು, ಅದು ಹೋಗಲಿಲ್ಲ. ಉಸಿರು ಹಿಡಿದುಕೊಂಡೆ. ಆಮೇಲೆ ಅದು ಇಳಿದು ತನ್ನ ಷಡ್ಜದ ಮೇಲೆ ಕೂತಿತು. ನನ್ನ ಕುತ್ತಿಗೆ ತಾನಾಗಿ ಬಾಗಿತು.

ಗುರಣ್ಣನ ಬಲಗೈ ಅದೇ ಗಳಿಗೆಗೆ ಮೇಲೆದ್ದಿತ್ತು.

"ಹಾಂ, ಬಂತು," ಎಂದರು. ಸ್ಪೀಕರಿನಲ್ಲಿ ಅವರ ವಾಹ್ ಆಗತಾನೆ ಮುಗಿದಿತ್ತು. ಅದು ಅವರಿಗೆ ಕೇಳಿಸಲಿಲ್ಲ. ಸುನಂದಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು. ಹಾಡು ಮುಗಿಯುವ ತನಕ ನಾವಿಬ್ಬರೂ ಅಲುಗಾಡಲಿಲ್ಲ. ಆಮೇಲೆ ಅವರು ಫ್ರಿಜ್ಜಿನ ಬಳಿ ಹೋಗಿ, ನಿಂತಲ್ಲೇ ಫಾರ್ಮಿಗೆ ಸಹಿ ಹಾಕಿದರು.

ಮಂಗಳವಾರ ಆಪರೇಶನ್ ಆಯಿತು. ಕೆಲವು ವಾರ ಬಿಟ್ಟು ಯಂತ್ರವನ್ನು ಆನ್ ಮಾಡಿದರು. ಸುನಂದಕ್ಕನ ದನಿ ಡಬ್ಬಿಯೊಳಗಿಂದ ಬಂದ ಹಾಗಿದೆಯಂತೆ. ಇರಲಿ, ಮಾತು ತಿಳಿಯುತ್ತದೆ. ಮೊಮ್ಮಗಳು ಫೋನಿನಲ್ಲಿ ಅಜ್ಜಾ ಎಂದದ್ದಕ್ಕೆ ಮೊನ್ನೆ ಓ ಎಂದರಂತೆ. ಹಾಡು? ಹಾಕಿ ನೋಡಿದರು. ಮಿಕ್ಸರಿನಲ್ಲಿ ಚಮಚ ಬಿದ್ದ ಸದ್ದು ಎಂದು ಆಫ್ ಮಾಡಿದರು. ಅಭ್ಯಾಸ ಮಾಡುತ್ತ ಹೋದರೆ ಸ್ವಲ್ಪ ಸುಧಾರಿಸಬಹುದು ಎಂದಿದ್ದಾರೆ ಡಾಕ್ಟರು. ಎಷ್ಟು ಎಂದು ಹೇಳಿಲ್ಲ.

"ಅಲ್ಲೀ ಮಟಾ ರವಿವಾರಕ್ಕೊಮ್ಮೆ ನೀ ಬಾ," ಎಂದಿದ್ದಾರೆ ಗುರಣ್ಣ. ಹೋಗುತ್ತಿದ್ದೇನೆ. ಎರಡನೆಯ ಆಲ್ಬಮ್ಮು ನಡೆಯುತ್ತಿದೆ.

ಪ್ರತಿ ಸಲ ಹಿಂತಿರುಗುವಾಗ ಒಂದು ಪ್ರಶ್ನೆ ಕಾರಿನಲ್ಲಿ ನನ್ನ ಜೊತೆಗೇ ಬರುತ್ತದೆ. ಅದನ್ನು ನಿಮಗೂ ದಾಟಿಸುತ್ತೇನೆ: ನಿಮ್ಮ ಮುಖ ನೋಡಿಯೇ ಒಬ್ಬರು ಹಾಡು ಕೇಳಬೇಕಾಗಿ ಬಂದರೆ, ಅವರಿಗೆ ಏನು ಕೇಳಿಸೀತು?